ರೋಬೋಟ್ ಆಮೇಲೆ, ಮೊದಲು ಆ ಡಬ್ಬಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿನ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)

 

ಇವತ್ತಿನ ಎಪಿಸೋಡನ್ನ ಇಯರ್‌ಫೋನ್ ಹಾಕ್ಕೊಂಡು ಒಬ್ಬರೇ ಕೇಳಿದ್ರೂ ಪರವಾಗಿಲ್ಲ. ಆದ್ರೆ ಆಮೇಲೆ ಮನೆಯವರ ಜೊತೆ ಒಂದ್ಸಲ ಕೂತು ಕೇಳಿ. ಯಾಕಂದ್ರೆ ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿ ಬಿಡದ ವಿಷಯ. ಮಕ್ಕಳಾಗದೆ ಇರೋದು. ಅದರಲ್ಲೂ ಗಂಡಸಿನ ಕಡೆಯಿಂದ ಆಗದೆ ಇರೋದು.

ಕೆಲವು ತಿಂಗಳ ಹಿಂದೆ ಬಿಡದಿಯಿಂದ ಒಬ್ಬ ಕೇಳುಗರು ನನಗೆ ಮೆಸೇಜ್ ಮಾಡಿದ್ರು. ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಮದುವೆಯಾಗಿ ನಾಲ್ಕು ವರ್ಷ. ಅವರ ಒಪ್ಪಿಗೆ ಕೇಳಿಯೇ ಇದನ್ನ ಹೇಳ್ತಾ ಇದ್ದೀನಿ. ಗುರುತು ಸಿಗೋ ಅಂಥದ್ದನ್ನೆಲ್ಲ ಬಿಟ್ಟಿದ್ದೀನಿ. ಮೆಸೇಜ್ ಹೀಗಿತ್ತು: "ಬ್ರದರ್, ರೋಬೋಟ್ ಆಪರೇಷನ್ ಮಾಡಿಸಿದ್ರೆ ಮಕ್ಕಳಾಗುತ್ತಂತೆ. ಒಂದು ಕಡೆ ಪ್ಯಾಕೇಜ್ ಹೇಳಿದ್ದಾರೆ. ಹೆಂಡ್ತಿ ಒಡವೆ ಅಡ ಇಡ್ಬೇಕು. ಇಡ್ಲಾ?"

ನಾನು ಡಾಕ್ಟರ್ ಅಲ್ಲ. ಓದಿದ್ದು ಬಿಕಾಂ. ನನ್ನ ಹತ್ರ ಯಾಕೆ ಕೇಳಿದ್ರು ಅಂದ್ರೆ, ಹಿಂದೆ ಒಂದು ಎಪಿಸೋಡಲ್ಲಿ ಗೋಲ್ಡ್ ಲೋನ್ ಬಗ್ಗೆ ಮಾತಾಡಿದ್ದೆ. ಅವರ ಪ್ರಕಾರ ಇದು ಗೋಲ್ಡ್ ಲೋನ್ ಪ್ರಶ್ನೆ. ನಾನು ಬಡ್ಡಿ ಲೆಕ್ಕ ಹೇಳಿ ಸುಮ್ಮನಾಗಬಹುದಿತ್ತು. ಆದ್ರೆ "ರೋಬೋಟ್ ಆಪರೇಷನ್" ಅನ್ನೋ ಮಾತು ತಲೆಯಲ್ಲೇ ಉಳಿದುಬಿಡ್ತು. ಅದಕ್ಕೆ ಫೋನ್ ಮಾಡಿದೆ. ಒಂದು ಗಂಟೆ ಮಾತಾಡಿದ್ವಿ.

ಅವರು ಹೇಳಿದ್ದನ್ನ ಚಿಕ್ಕದಾಗಿ ಹೇಳ್ತೀನಿ. ಮದುವೆಯಾದ ಎರಡನೇ ವರ್ಷದಿಂದ ಓಡಾಟ ಶುರು. ಹೆಂಡತಿಗೆ ಥೈರಾಯ್ಡ್ ಟೆಸ್ಟ್, ಸ್ಕ್ಯಾನ್ ಮೇಲೆ ಸ್ಕ್ಯಾನ್, ಗರ್ಭನಾಳ ತೆರೆದಿದ್ಯಾ ಅಂತ ನೋಡೋಕೆ ಬಣ್ಣ ಬಿಟ್ಟು ತೆಗೆಯೋ ಎಕ್ಸ್‌ರೇ, ಮಾತ್ರೆ, ಇಂಜೆಕ್ಷನ್. ನಡುವೆ ಚನ್ನಪಟ್ಟಣದ ಹತ್ರ ದೊಡ್ಡಮಳೂರಿಗೆ ಹೋಗಿ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲ ಹರಕೆ. ಘಾಟಿ ಸುಬ್ರಹ್ಮಣ್ಯದಲ್ಲಿ ಪೂಜೆ. ಎಲ್ಲ ಕಡೆ ಇಬ್ಬರೂ ಜೊತೆಯಲ್ಲೇ ಹೋಗಿದ್ದಾರೆ. ಆದ್ರೆ ಟೆಸ್ಟ್ ಮಾತ್ರ ಒಬ್ಬರಿಗೇ.

ಎರಡು ವರ್ಷ ಹೀಗೇ ಕಳೀತು. ಆಮೇಲೆ ಬೇರೆ ಒಬ್ಬ ಡಾಕ್ಟರ್ ಹತ್ರ ಹೋದಾಗ ಅವರು ಹೆಂಡತಿಯ ಫೈಲನ್ನ ತಿರುವಿ ಹಾಕಿ, ಗಂಡನ ಕಡೆ ನೋಡಿ ಕೇಳಿದ್ರಂತೆ, "ನಿಮ್ಮ ರಿಪೋರ್ಟ್ ಎಲ್ಲಿ?" ಇರಲಿಲ್ಲ. ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕಳಿಸಿದ್ರು. ರಿಪೋರ್ಟ್ ಬಂತು. ವೀರ್ಯಾಣುಗಳ ಸಂಖ್ಯೆ ತುಂಬ ಕಡಿಮೆ ಇತ್ತು.

ಅವತ್ತು ಬಸ್ಸಲ್ಲಿ ವಾಪಸ್ ಬರ್ತಾ ಅವರ ಹೆಂಡತಿ ಅಳಲಿಲ್ಲವಂತೆ, ಬೈಯಲೂ ಇಲ್ಲವಂತೆ. ಒಂದೇ ಮಾತು ಹೇಳಿದ್ರಂತೆ. "ಎರಡು ವರ್ಷದಿಂದ ನನ್ನ ರಕ್ತ ತೆಗೀತಾನೇ ಇದ್ದಾರೆ ಕಣ್ರೀ. ನಿಮ್ಮದು ಒಂದು ಡಬ್ಬಿ ಯಾರೂ ಕೇಳಲಿಲ್ಲ."

ಇವತ್ತು ನಾನು ಹೇಳಬೇಕಾಗಿರೋದು ಹೆಚ್ಚುಕಮ್ಮಿ ಇಷ್ಟೇ. ಉಳಿದಿದ್ದು ವಿವರ. ಆದ್ರೆ ವಿವರ ಗೊತ್ತಿಲ್ಲದೇ ಇದ್ದಿದ್ದಕ್ಕೇ ಒಡವೆ ಅಡ ಇಡೋ ಮಟ್ಟಕ್ಕೆ ಬಂದಿದ್ದು. ಹಾಗಾಗಿ ಒಂದೊಂದೇ ನೋಡೋಣ.

ಮೊದಲು ನಮ್ಮ ಭಾಷೆಯನ್ನೇ ನೋಡಿ. ಮಕ್ಕಳಾಗದ ಹೆಂಗಸಿಗೆ ಕನ್ನಡದಲ್ಲಿ "ಬಂಜೆ" ಅನ್ನೋ ಪದ ಇದೆ. ಗಂಡಸಿಗೆ? ಯೋಚನೆ ಮಾಡಿ. ಇರೋದು ಬೈಗುಳ ಮಾತ್ರ. ಆ ಬೈಗುಳದ ಅರ್ಥವೂ ಬೇರೆ. ಅದು ಹಾಸಿಗೆಯಲ್ಲಿ ಆಗದವನು ಅಂತ ಹೇಳುತ್ತೆ. ಲೈಂಗಿಕ ಶಕ್ತಿಗೂ ವೀರ್ಯಾಣುಗಳಿಗೂ ನೇರ ಸಂಬಂಧ ಇಲ್ಲ. ಎಲ್ಲ ಸರಿಯಾಗಿ ನಡೆಯೋ ಗಂಡಸಿನ ವೀರ್ಯದಲ್ಲೂ ವೀರ್ಯಾಣು ಸೊನ್ನೆ ಇರಬಹುದು. ಹೊರಗೆ ಬರೋ ದ್ರವದಲ್ಲಿ ವೃಷಣದಿಂದ, ಅಂದ್ರೆ ನಾವು ಬೀಜ ಅಂತೀವಲ್ಲ ಅಲ್ಲಿಂದ, ಬರೋ ಪಾಲು ನೂರಕ್ಕೆ ಐದರಷ್ಟೂ ಇರಲ್ಲ. ಉಳಿದಿದ್ದೆಲ್ಲ ಬೇರೆ ಗ್ರಂಥಿಗಳಿಂದ ಬರುತ್ತೆ. ಹಾಗಾಗಿ ಕಣ್ಣಲ್ಲಿ ನೋಡಿ ಏನೂ ಗೊತ್ತಾಗಲ್ಲ. ಈ ವ್ಯತ್ಯಾಸ ಹೇಳೋಕೆ ನಮಗೆ ಪದ ಇಲ್ಲ. ಪದ ಇಲ್ಲದ್ದಕ್ಕೆ ಗಂಡಸರು ಟೆಸ್ಟ್ ಅಂದ ಕೂಡಲೇ ಅದನ್ನ ಬೈಗುಳ ಥರ ಕೇಳಿಸ್ಕೊಳ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಒಂದು ಹಂತದಲ್ಲಿ ಬಂಜೆತನದ ಸಮಸ್ಯೆ ಬರುತ್ತೆ. ಇಂಥ ದಂಪತಿಗಳನ್ನ ತಗೊಂಡ್ರೆ, ಹತ್ತಿರ ಹತ್ತಿರ ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಕಡೆಯ ಕಾರಣ ಪೂರ್ತಿಯಾಗಿಯೋ ಜೊತೆಯಾಗಿಯೋ ಇರುತ್ತೆ. ಅರ್ಧ! ಅಂದ್ರೆ ಮೊದಲನೇ ದಿನವೇ ಇಬ್ಬರನ್ನೂ ಟೆಸ್ಟ್ ಮಾಡದೆ ಇದ್ರೆ, ಎರಡರಲ್ಲಿ ಒಂದು ಮನೆಯಲ್ಲಿ ಮುಖ್ಯವಾದ್ದನ್ನೇ ನೋಡದೆ ಬಿಟ್ಟ ಹಾಗಾಯ್ತು. ಒಂದು ವರ್ಷ ಪ್ರಯತ್ನ ಮಾಡಿ ಆಗದಿದ್ರೆ, ಹೆಂಡತಿಗೆ 35 ದಾಟಿದ್ರೆ ಆರೇ ತಿಂಗಳಿಗೆ, ಇಬ್ಬರೂ ಒಟ್ಟಿಗೇ ತೋರಿಸಬೇಕು. ಇದು ಇವತ್ತು ಡಾಕ್ಟರುಗಳ ಮಾರ್ಗಸೂಚಿಗಳಲ್ಲೇ ಇದೆ.

ಇನ್ನು ಆ ಟೆಸ್ಟ್. ಹೆಂಗಸಿಗೆ ಮಾಡೋ ಟೆಸ್ಟುಗಳ ಮುಂದೆ ಇದು ಏನೂ ಅಲ್ಲ. ಸೂಜಿ ಇಲ್ಲ, ನೋವಿಲ್ಲ. ಖರ್ಚು ನೂರರ ಲೆಕ್ಕದಲ್ಲಿ ಮುಗಿಯುತ್ತೆ, ಸಾವಿರಗಳಿಗೆ ಹೋಗೋದು ಕಡಿಮೆ. ಎರಡರಿಂದ ಏಳು ದಿನ ಸಂಭೋಗ, ಹಸ್ತಮೈಥುನ ಎರಡೂ ಇಲ್ಲದೆ ಇರಬೇಕು. ಆಮೇಲೆ ಲ್ಯಾಬಲ್ಲಿ ಡಬ್ಬಿಯೊಳಗೆ ಸ್ಯಾಂಪಲ್ ಕೊಡಬೇಕು. ಮುಜುಗರ ಇದೆ, ಇಲ್ಲ ಅನ್ನಲ್ಲ. ಆದ್ರೆ ಮುಜುಗರ ಹತ್ತು ನಿಮಿಷದ್ದು.

ರಿಪೋರ್ಟ್ ಓದೋದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಕೆಳಗಿನ ಮಿತಿ ಹೀಗಿದೆ. ವೀರ್ಯದ ಪ್ರಮಾಣ 1.4 ಮಿಲಿಲೀಟರ್. ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು. ಅದರಲ್ಲಿ ಚಲನೆ ಇರೋದು ನೂರಕ್ಕೆ 42. ಸರಿಯಾದ ಆಕಾರ ಇರೋದು ನೂರಕ್ಕೆ 4. ಹೌದು, ನಾಲ್ಕೇ. "ನಂದು 96 ಪರ್ಸೆಂಟ್ ಅಬ್‌ನಾರ್ಮಲ್ ಅಂತ ಬಂದಿದೆ" ಅಂತ ಎಷ್ಟೋ ಜನ ಗಾಬರಿಯಾಗ್ತಾರೆ. ಅದು ಮಿತಿಯೊಳಗೇ ಇದೆ. ಇನ್ನೊಂದು ಮಾತು, ಇವು ಪಾಸ್-ಫೇಲ್ ಮಾರ್ಕ್ಸ್ ಅಲ್ಲ. ಇದಕ್ಕಿಂತ ಕಡಿಮೆ ಇದ್ದು ಮಕ್ಕಳಾದವರಿದ್ದಾರೆ, ಜಾಸ್ತಿ ಇದ್ದೂ ಆಗದವರಿದ್ದಾರೆ.

ಒಂದೇ ರಿಪೋರ್ಟ್ ನೋಡಿ ಯಾವ ತೀರ್ಮಾನಕ್ಕೂ ಬರಬಾರದು. ಒಂದು ವೀರ್ಯಾಣು ತಯಾರಾಗೋಕೆ ಸುಮಾರು 74 ದಿನ ಬೇಕು. ಎರಡು ತಿಂಗಳ ಹಿಂದೆ ನಿಮಗೆ ಜೋರು ಜ್ವರ ಬಂದಿದ್ರೆ ಅದರ ಗುರುತು ಇವತ್ತಿನ ರಿಪೋರ್ಟಲ್ಲಿ ಕಾಣಬಹುದು. ಅದಕ್ಕೇ ಕಡಿಮೆ ಬಂದ್ರೆ ಕೆಲವು ವಾರ ಬಿಟ್ಟು ಇನ್ನೊಂದ್ಸಲ ಮಾಡಿಸಬೇಕು. ನಮ್ಮ ಬಿಡದಿಯ ಕೇಳುಗರಿಗೆ ಎರಡನೇ ಟೆಸ್ಟ್ ಮಾಡಿಸಿ ಅಂತ ಪ್ಯಾಕೇಜ್ ಕೊಟ್ಟವರು ಹೇಳಿರಲೇ ಇಲ್ಲ.

ಅವರು ಹೇಳಿದ್ದು "ವೇರಿಕೋಸಿಲ್ ಇದೆ, ರೋಬೋಟಲ್ಲಿ ಮಾಡಿಬಿಡೋಣ" ಅಂತ. ವೇರಿಕೋಸಿಲ್ ಅಂದ್ರೆ ಏನು? ದಿನವಿಡೀ ನಿಂತು ಕೆಲಸ ಮಾಡೋರ ಕಾಲಲ್ಲಿ ನರ ಉಬ್ಬಿ ಹಸಿರಾಗಿ ಕಾಣುತ್ತಲ್ಲ, ಅದೇ ಥರದ್ದು ಬೀಜದ ಚೀಲದಲ್ಲಿ ಆಗೋದು. ರಕ್ತ ವಾಪಸ್ ಮೇಲಕ್ಕೆ ತಗೊಂಡು ಹೋಗೋ ರಕ್ತನಾಳಗಳ ಒಳಗೆ ಕವಾಟಗಳಿರುತ್ತವೆ. ಅವು ಸರಿಯಾಗಿ ಮುಚ್ಚದಿದ್ರೆ ರಕ್ತ ಕೆಳಗೇ ನಿಲ್ಲುತ್ತೆ. ಎಡಗಡೆ ಇದು ಜಾಸ್ತಿ. ಯಾಕಂದ್ರೆ ಎಡಗಡೆಯ ನಾಳ ಉದ್ದ, ಮೂತ್ರಪಿಂಡದ ನಾಳಕ್ಕೆ ನೇರ ಕೋನದಲ್ಲಿ ಹೋಗಿ ಸೇರುತ್ತೆ. ರಕ್ತ ನಿಂತರೆ ಶಾಖ ಏರುತ್ತೆ. ವೃಷಣಗಳು ದೇಹದಿಂದ ಹೊರಗೆ ನೇತಾಡ್ತಾ ಇರೋದೇ ತಂಪಿಗೋಸ್ಕರ. ದೇಹಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಇದ್ರೇನೇ ಅವು ಸರಿಯಾಗಿ ಕೆಲಸ ಮಾಡೋದು.

ವೇರಿಕೋಸಿಲ್ ಅಪರೂಪದ್ದೇನಲ್ಲ. ಎಲ್ಲ ಗಂಡಸರಲ್ಲಿ ನೂರಕ್ಕೆ ಸುಮಾರು 15 ಜನಕ್ಕೆ ಇರುತ್ತೆ. ಅವರಲ್ಲಿ ಎಷ್ಟೋ ಜನ ಆರಾಮಾಗಿ ಅಪ್ಪ ಆಗಿದ್ದಾರೆ. ಮಕ್ಕಳಾಗದ ಗಂಡಸರನ್ನ ಮಾತ್ರ ತಗೊಂಡ್ರೆ ಈ ಪ್ರಮಾಣ ನೂರಕ್ಕೆ 35, 40ರ ತನಕ ಹೋಗುತ್ತೆ. ಸರಿ ಮಾಡಬಹುದಾದ ಕಾರಣಗಳಲ್ಲಿ ಇದೇ ದೊಡ್ಡದು. ಹಾಗಾದ್ರೆ ಯಾರಿಗೆ ಆಪರೇಷನ್ ಬೇಕು? ಇಲ್ಲಿ ಒಂದು ಮುಖ್ಯ ವಿಷಯ ಇದೆ, ದಯವಿಟ್ಟು ನೆನಪಿಟ್ಕೊಳ್ಳಿ. ಅಮೆರಿಕದ ಯುರಾಲಜಿ ಸಂಘದ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತೆ: ಸ್ಕ್ಯಾನಲ್ಲಿ ಮಾತ್ರ ಕಂಡು, ಡಾಕ್ಟರ್ ಕೈಯಲ್ಲಿ ಮುಟ್ಟಿ ನೋಡಿದಾಗ ಸಿಗದ ವೇರಿಕೋಸಿಲ್‌ಗೆ ಆಪರೇಷನ್ ಸಲಹೆ ಕೊಡಬಾರದು. ಕೈಗೆ ಸಿಗಬೇಕು, ವೀರ್ಯದ ರಿಪೋರ್ಟಲ್ಲಿ ಕೊರತೆ ಇರಬೇಕು, ಮಕ್ಕಳು ಬೇಕು ಅಂತ ಪ್ರಯತ್ನ ನಡೀತಾ ಇರಬೇಕು. ಮೂರೂ ಇದ್ರೆ ಆಪರೇಷನ್ನಿಗೆ ಅರ್ಥ ಇದೆ.

ನಾನು ಕೇಳಿದೆ, "ನಿಮ್ಮನ್ನ ನಿಲ್ಲಿಸಿ, ಕೆಮ್ಮಿಸಿ, ಕೈಯಲ್ಲಿ ಮುಟ್ಟಿ ನೋಡಿದ್ರಾ?" ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಇಲ್ಲ. ಸ್ಕ್ಯಾನ್ ರಿಪೋರ್ಟ್ ನೋಡಿ ಹೇಳಿದ್ರು."

ಈಗ ರೋಬೋಟ್ ವಿಷಯಕ್ಕೆ ಬರೋಣ. ಬಿಡದಿಯವರಿಗೆ ರೋಬೋಟ್ ಹೊಸದಲ್ಲ. ಟೊಯೊಟಾ ಕಾರ್ಖಾನೆ ಇಲ್ಲಿ 1999ರಿಂದ ಕಾರು ತಯಾರಿಸ್ತಾ ಇದೆ. ಆಟೋ ಫ್ಯಾಕ್ಟರಿಗಳ ವೆಲ್ಡಿಂಗ್ ಶಾಪಲ್ಲಿ ಆ ದೊಡ್ಡ ತೋಳುಗಳು ಕಿಡಿ ಹಾರಿಸ್ತಾ ಕೆಲಸ ಮಾಡೋದನ್ನ ನೋಡಿದವರು ನಮ್ಮ ಕೇಳುಗರಲ್ಲೇ ತುಂಬ ಜನ ಇದ್ದೀರ. ಆ ರೋಬೋಟಿಗೆ ಒಂದ್ಸಲ ದಾರಿ ಕಲಿಸಿದ್ರೆ ಅದೇ ದಾರೀಲಿ ತಾನೇ ಓಡಾಡುತ್ತೆ. ಆಪರೇಷನ್ ಥಿಯೇಟರಿನ ರೋಬೋಟ್ ಹಾಗಲ್ಲ. ನಮ್ಮ ಕೇಳುಗರು ಅಂದ್ಕೊಂಡಿದ್ದು, ಒಳಗೆ ಹೋದ್ರೆ ಮಷಿನ್ನೇ ಎಲ್ಲ ಮಾಡುತ್ತೆ, ಮನುಷ್ಯರ ಥರ ತಪ್ಪು ಮಾಡಲ್ಲ ಅಂತ. ಹಾಗಿಲ್ಲ. ಅದು ತಾನಾಗಿ ಒಂದು ಕೂದಲೆಳೆಯಷ್ಟೂ ಅಲುಗಾಡಲ್ಲ. ಪಕ್ಕದಲ್ಲೇ ಒಂದು ಕನ್ಸೋಲ್ ಇರುತ್ತೆ. ಡಾಕ್ಟರ್ ಅಲ್ಲಿ ಕೂತು, ದೊಡ್ಡದಾಗಿ ಕಾಣೋ ತ್ರೀಡಿ ಚಿತ್ರ ನೋಡ್ತಾ ಕೈಯಾಡಿಸ್ತಾರೆ. ಅವರ ಕೈ ಹೇಗೋ ಉಪಕರಣ ಹಾಗೆ.

ಹಾಗಾದ್ರೆ ಅದರಿಂದ ಏನು ಲಾಭ? ಎರಡು. ಒಂದು, ಅಳತೆ ಇಳಿಸೋದು. ಡಾಕ್ಟರ್ ಕೈ ಮೂರು ಮಿಲಿಮೀಟರ್ ಸರಿದ್ರೆ ಉಪಕರಣ ಒಂದೇ ಮಿಲಿಮೀಟರ್ ಸರಿಯೋ ಹಾಗೆ ಮಾಡಬಹುದು. ಎರಡು, ನಡುಕ ಸೋಸೋದು. ಎಷ್ಟೇ ಗಟ್ಟಿ ಕೈ ಆದ್ರೂ ಸಣ್ಣ ನಡುಕ ಇದ್ದೇ ಇರುತ್ತೆ. ಮಷಿನ್ ಅದನ್ನ ತೆಗೆದುಹಾಕುತ್ತೆ. ಇದು ಯಾಕೆ ಮುಖ್ಯ ಅಂದ್ರೆ ಈ ಕೆಲಸದ ಸೂಕ್ಷ್ಮ ಹಾಗಿದೆ. ಕತ್ತರಿಸಿದ ವೀರ್ಯನಾಳ ಮತ್ತೆ ಜೋಡಿಸೋವಾಗ ಒಳಗಿನ ರಂಧ್ರ ಅರ್ಧ ಮಿಲಿಮೀಟರಿಗೂ ಕಡಿಮೆ. ಹೊಲಿಯೋ ದಾರ, 10-0 ಅಂತಾರೆ, ಒಂದು ಮಿಲಿಮೀಟರಿನ ನೂರನೇ ಎರಡು ಮೂರು ಭಾಗದಷ್ಟು ದಪ್ಪ. ನಮ್ಮ ತಲೆಗೂದಲಿಗಿಂತ ತೆಳು. ರಾಮನಗರದ ರೇಷ್ಮೆ ಮಾರ್ಕೆಟ್ಟಲ್ಲಿ ಗೂಡಿನಿಂದ ಎಳೆ ಬಿಚ್ಚೋದು ನೋಡಿದ್ದೀರಲ್ಲ, ಆ ಒಂಟಿ ಎಳೆ ಹತ್ರಕ್ಕೆ ಬರೋ ದಾರದಲ್ಲಿ ಹೊಲಿಗೆ ಹಾಕ್ತಾರೆ ಅಂದ್ಕೊಳ್ಳಿ.

ಆದ್ರೆ ಈ ಕೆಲಸ ರೋಬೋಟ್ ಬರೋ ಮುಂಚೆಯೇ ಇತ್ತು. 1970ರ ದಶಕದಿಂದಲೇ ಆಪರೇಟಿಂಗ್ ಮೈಕ್ರೋಸ್ಕೋಪ್ ಇಟ್ಕೊಂಡು ಡಾಕ್ಟರುಗಳು ಬರಿಗೈಯಲ್ಲಿ ಇಂಥ ಹೊಲಿಗೆ ಹಾಕ್ತಾ ಬಂದಿದ್ದಾರೆ. ವೇರಿಕೋಸಿಲ್‌ಗೆ ಇವತ್ತು ಬಳಸೋ ಮೈಕ್ರೋಸ್ಕೋಪ್ ವಿಧಾನವನ್ನ ನ್ಯೂಯಾರ್ಕಿನ ಮಾರ್ಕ್ ಗೋಲ್ಡ್‌ಸ್ಟೀನ್ 1992ರಲ್ಲಿ ಪ್ರಕಟ ಮಾಡಿದ್ರು. ಡಾ ವಿಂಚಿ ರೋಬೋಟಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2000ದಲ್ಲಿ. ಅದನ್ನ ಗಂಡಸರ ಬಂಜೆತನದ ಆಪರೇಷನ್ನುಗಳಿಗೆ ತಂದಿದ್ದು ಅದಕ್ಕೂ ಆಮೇಲೆ. ಫ್ಲೋರಿಡಾದ ಸಿಜೋ ಪರೆಕಾಟಿಲ್ ಅನ್ನೋ ಸರ್ಜನ್ ಇದರಲ್ಲಿ ತುಂಬ ಕೆಲಸ ಮಾಡಿದ್ದಾರೆ. ನಮ್ಮ ದೇಶದಲ್ಲೂ ಗುರುಗ್ರಾಮದ ಕಂಪನಿಯೊಂದು ಎಸ್‌ಎಸ್‌ಐ ಮಂತ್ರ ಅನ್ನೋ ಸರ್ಜಿಕಲ್ ರೋಬೋಟ್ ತಯಾರಿಸ್ತಾ ಇದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ರೋಬೋಟ್ ಈಗ ಮಾಮೂಲಿ. ಪ್ರಾಸ್ಟೇಟ್, ಮೂತ್ರಪಿಂಡದ ಕ್ಯಾನ್ಸರ್ ಆಪರೇಷನ್ನುಗಳಲ್ಲಿ ಅದರ ಉಪಯೋಗ ದೊಡ್ಡದು. ನಾನು ರೋಬೋಟಿನ ವಿರೋಧಿ ಅಲ್ಲ, ಅದು ಸ್ಪಷ್ಟ ಇರಲಿ.

ಪ್ರಶ್ನೆ ಬೇರೆ. ಗಂಡಸರ ಬಂಜೆತನದಲ್ಲಿ ರೋಬೋಟ್ ಬಗ್ಗೆ ಹೆಚ್ಚು ಮಾತು ಇರೋದು ವೀರ್ಯನಾಳ ಮರುಜೋಡಣೆಗೆ. ಅಂದ್ರೆ ಮಕ್ಕಳು ಸಾಕು ಅಂತ ಆಪರೇಷನ್ ಮಾಡಿಸಿಕೊಂಡ ಗಂಡಸು ಮತ್ತೆ ಮಕ್ಕಳು ಬೇಕು ಅಂತ ಬಂದಾಗ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ಗಂಡಸರು ಆ ಆಪರೇಷನ್ ಮಾಡಿಸ್ತಾರೆ, ಅದಕ್ಕೆ ಅಲ್ಲಿ ಮರುಜೋಡಣೆಗೂ ಬೇಡಿಕೆ ಇದೆ. ನಮ್ಮಲ್ಲಿ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಜನ ಸಂತಾನಹರಣ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರದ್ದು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷ, ದೇಶದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಈ ಆಪರೇಷನ್ ಆಯ್ತು, ಎಷ್ಟೋ ಜನಕ್ಕೆ ಬಲವಂತವಾಗಿ. ಆ ಹೆದರಿಕೆ ಇವತ್ತಿಗೂ ಇಳಿದಿಲ್ಲ.

ಇದನ್ನ ಯಾಕೆ ಹೇಳಿದೆ ಅಂದ್ರೆ, ರೋಬೋಟ್ ಹೆಸರು ಮಾಡಿರೋ ಆಪರೇಷನ್ ನಮ್ಮ ಕಡೆ ಬೇಕಾಗಿರೋರು ತೀರ ಕಡಿಮೆ. ನಮ್ಮಲ್ಲಿ ಬೇಕಾಗೋದು ಹೆಚ್ಚಾಗಿ ವೇರಿಕೋಸಿಲ್‌ದು. ಅದಕ್ಕೆ ಮೈಕ್ರೋಸ್ಕೋಪಲ್ಲಿ ತೊಡೆಸಂದಿ ಹತ್ರ ಎರಡು ಮೂರು ಸೆಂಟಿಮೀಟರ್ ಗಾಯ ಮಾಡಿದ್ರೆ ಸಾಕು. ಕೆಟ್ಟ ನಾಳಗಳನ್ನ ಕಟ್ಟಿ, ಶುದ್ಧರಕ್ತದ ನಾಳವನ್ನ ಉಳಿಸ್ತಾರೆ. ಅದನ್ನ ಹುಡುಕೋಕೆ ಒಂದು ಚಿಕ್ಕ ಡಾಪ್ಲರ್ ಕಡ್ಡಿ ಬಳಸ್ತಾರೆ. ಪಳಗಿದ ಕೈಯಲ್ಲಿ ತೊಂದರೆ ಮರುಕಳಿಸೋದು ನೂರಕ್ಕೆ ಒಂದೆರಡು ಜನಕ್ಕೆ ಮಾತ್ರ. ಇದಕ್ಕೆ ರೋಬೋಟ್ ಇದ್ರೆ ಮಕ್ಕಳಾಗೋ ಸಾಧ್ಯತೆ ಹೆಚ್ಚುತ್ತೆ ಅಂತ ಗಟ್ಟಿಯಾಗಿ ತೋರಿಸಿಕೊಟ್ಟ ಆಧಾರ ಇಲ್ಲ. ಮಾರ್ಗಸೂಚಿಗಳು ಒತ್ತಿ ಹೇಳೋದು ಮೈಕ್ರೋಸ್ಕೋಪನ್ನ. ಜೋಡಣೆಯ ವಿಷಯದಲ್ಲೂ ಫಲಿತಾಂಶ ಮಷಿನ್ನಿಗಿಂತ ಜಾಸ್ತಿ ಡಾಕ್ಟರ್ ಅನುಭವದ ಮೇಲೆ, ಆಪರೇಷನ್ ಆಗಿ ಎಷ್ಟು ವರ್ಷ ಆಯ್ತು ಅನ್ನೋದರ ಮೇಲೆ ನಿಂತಿದೆ. 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಮೂರು ವರ್ಷದೊಳಗೆ ಬಂದವರಲ್ಲಿ ನೂರಕ್ಕೆ 76 ದಂಪತಿಗಳಿಗೆ ಗರ್ಭ ನಿಂತಿತ್ತು. 15 ವರ್ಷ ದಾಟಿ ಬಂದವರಲ್ಲಿ 30. ಆಗ ರೋಬೋಟೇ ಇರಲಿಲ್ಲ.

ಇನ್ನೊಂದು ಗುಂಪಿದೆ. ರಿಪೋರ್ಟಲ್ಲಿ ವೀರ್ಯಾಣು ಸೊನ್ನೆ ಬಂದವರು. ಸೊನ್ನೆ ಅಂದ್ರೆ ಎಲ್ಲ ಮುಗೀತು ಅಂತಲ್ಲ. ದಾರಿ ಕಟ್ಟಿಕೊಂಡಿದ್ದು ಒಳಗೆ ತಯಾರಾಗ್ತಾ ಇದ್ರೆ ಸೂಜಿಯಿಂದಲೂ ತೆಗೀಬಹುದು. ತಯಾರಿಕೆಯೇ ಕುಂಠಿತ ಆಗಿದ್ರೆ ಮೈಕ್ರೋ ಟೆಸೆ ಅಂತ ಒಂದು ಆಪರೇಷನ್ ಇದೆ. 1999ರಲ್ಲಿ ಪೀಟರ್ ಶ್ಲೆಗೆಲ್ ವಿವರಿಸಿದ್ದು. ಮೈಕ್ರೋಸ್ಕೋಪಲ್ಲಿ ವೃಷಣದ ಒಳಗೆ ನೋಡಿ, ವೀರ್ಯಾಣು ಇರಬಹುದಾದ ದಪ್ಪ ನಳಿಕೆಗಳನ್ನ ಹುಡುಕಿ ತೆಗೆಯೋದು. ಸುಮಾರು ಅರ್ಧದಷ್ಟು ಜನರಲ್ಲಿ ಸಿಗುತ್ತೆ. ಸಿಕ್ಕ ಒಂದೇ ಒಂದು ವೀರ್ಯಾಣುವನ್ನ ಅಂಡಾಣುವಿನ ಒಳಗೆ ಚುಚ್ಚಿ ಬಿಡೋ ಇಕ್ಸಿ ತಂತ್ರ 1992ರಲ್ಲಿ ಬ್ರಸೆಲ್ಸಿನಿಂದ ಬಂತು. ಆದ್ರೆ ಇದಕ್ಕೆ ಮುಂಚೆ ಹಾರ್ಮೋನ್ ಮತ್ತು ವೈ ಕ್ರೋಮೋಸೋಮ್ ರಕ್ತ ಪರೀಕ್ಷೆ ಆಗಲೇಬೇಕು. ವೈ ಕ್ರೋಮೋಸೋಮಿನ ಕೆಲವು ಭಾಗ ಪೂರ್ತಿ ಇಲ್ಲದಿದ್ರೆ ಯಾವ ಸರ್ಜನ್ ಹುಡುಕಿದ್ರೂ, ಯಾವ ರೋಬೋಟ್ ಹುಡುಕಿದ್ರೂ ಸಿಗಲ್ಲ. ಅಂಥವರಿಗೆ ಆಪರೇಷನ್ ಮಾಡೋದು ಬರೀ ಗಾಯ, ಬರೀ ಬಿಲ್ಲು.

ಜಿಮ್‌ಗೆ ಹೋಗೋ ತಮ್ಮಂದಿರಿಗೆ ಒಂದು ಮಾತು. ಬಾಡಿ ಬರಲಿ ಅಂತ ಹಾಕಿಸಿಕೊಳ್ಳೋ ಟೆಸ್ಟೋಸ್ಟೆರಾನ್, ಸ್ಟೆರಾಯ್ಡ್ ಇಂಜೆಕ್ಷನ್ ವೀರ್ಯಾಣು ತಯಾರಿಕೆಯನ್ನ ನಿಲ್ಲಿಸುತ್ತೆ. ಹೊರಗಿಂದ ಬರ್ತಾ ಇದೆಯಲ್ಲ ಅಂತ ಮೆದುಳು ಒಳಗಿನ ಆರ್ಡರ್ ಕ್ಯಾನ್ಸಲ್ ಮಾಡುತ್ತೆ. ಸೊನ್ನೆಗೆ ಇಳಿಯಬಹುದು. ಬಿಟ್ಟ ಮೇಲೆ ಹೆಚ್ಚಿನವರಿಗೆ ತಿಂಗಳುಗಟ್ಟಲೆ ಆದ್ಮೇಲೆ ವಾಪಸ್ ಬರುತ್ತೆ. ಡಾಕ್ಟರ್ ಕೇಳಿದಾಗ ಮುಚ್ಚಿಡಬೇಡಿ. ಬೀಡಿ, ಸಿಗರೇಟು, ಗುಟ್ಕಾ ವಿಷಯವನ್ನೂ ಮುಚ್ಚಿಡಬೇಡಿ.

ಈಗ ನನ್ನ ಸಬ್ಜೆಕ್ಟ್. ದುಡ್ಡು.

ಬಿಕಾಂ ಮೊದಲನೇ ವರ್ಷ ಕಾಸ್ಟಿಂಗಲ್ಲಿ ಫಿಕ್ಸೆಡ್ ಕಾಸ್ಟ್ ಅಂತ ಓದ್ತೀವಿ. ಒಂದು ಆಸ್ಪತ್ರೆ ಹಲವು ಕೋಟಿ ಕೊಟ್ಟು ರೋಬೋಟ್ ತಂದಿದೆ. ಅದು ಸುಮ್ಮನೆ ನಿಂತಿದ್ರೂ ಖರ್ಚು, ಓಡಿದ್ರೂ ಖರ್ಚು. ವರ್ಷ ವರ್ಷ ಮೇಂಟೆನೆನ್ಸ್. ತುದಿಯಲ್ಲಿ ಹಾಕೋ ಒಂದೊಂದು ಉಪಕರಣಕ್ಕೂ ಇಷ್ಟು ಸಲ ಮಾತ್ರ ಬಳಸಬೇಕು ಅಂತ ಎಣಿಕೆ ಇದೆ, ಮುಗಿದ್ರೆ ಹೊಸದು. ಆಪರೇಷನ್ ಜಾಸ್ತಿ ಆದಷ್ಟೂ ಒಂದೊಂದರ ತಲೆ ಮೇಲಿನ ಖರ್ಚು ಇಳಿಯುತ್ತೆ. ಇದರಲ್ಲಿ ಯಾರನ್ನೂ ಕಳ್ಳರು ಅಂತಿಲ್ಲ, ಇದು ಲೆಕ್ಕ. ಆದ್ರೆ ನಿಮ್ಮ ಫೋನಿಗೆ ಬರೋ ಜಾಹೀರಾತು ಈ ಲೆಕ್ಕದಿಂದಲೂ ಹುಟ್ಟಿರಬಹುದು, ನಿಮ್ಮ ಕಾಯಿಲೆಯಿಂದಲೇ ಅಂತಿಲ್ಲ. ಅಷ್ಟು ನೆನಪಿದ್ರೆ ಸಾಕು.

ಇನ್ಶೂರೆನ್ಸ್ ಇದೆಯಲ್ಲ ಅಂದ್ರು ನಮ್ಮ ಕೇಳುಗರು. ನಾನು ಪಾಲಿಸಿ ಕಳಿಸಿ ಅಂದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಥರದ ನಿಯಮ ತಂತು. ಒಂದು ಕಡೆ, ರೋಬೋಟಿಕ್ ಸರ್ಜರಿಯನ್ನ ಆಧುನಿಕ ಚಿಕಿತ್ಸೆ ಅಂತ ಪೂರ್ತಿ ಹೊರಗಿಡೋ ಹಾಗಿಲ್ಲ, ಮಿತಿ ಹಾಕಬಹುದು ಅಷ್ಟೇ. ಇನ್ನೊಂದು ಕಡೆ, ಹೊರಗಿಡಬಹುದಾದವುಗಳ ಪಟ್ಟಿಯಲ್ಲಿ 17ನೇ ಕೋಡ್ ಯಾವುದು ಗೊತ್ತಾ? ಬಂಜೆತನ. ಐವಿಎಫ್, ಇಕ್ಸಿ, ಬಾಡಿಗೆ ತಾಯ್ತನ, ಸಂತಾನಹರಣದ ಮರುಜೋಡಣೆ ಎಲ್ಲ ಅದರೊಳಗೆ. ಅಂದ್ರೆ ರೋಬೋಟಿಗೆ ವಿಮೆ ಇದೆ, ಮಕ್ಕಳಾಗದಿರೋದಕ್ಕೆ ಇಲ್ಲ. ಕೆಲವು ಪಾಲಿಸಿಗಳಲ್ಲಿ ಬೇರೆಯಾಗಿ ಸೇರಿಸಿರಬಹುದು, ನಿಮ್ಮದನ್ನ ತೆಗೆದು ಈ ಎಕ್ಸ್‌ಕ್ಲೂಷನ್ 17 ಏನು ಹೇಳುತ್ತೆ ಓದಿ. ಅಡ್ಮಿಟ್ ಆಗೋ ಮುಂಚೆ ಲಿಖಿತವಾಗಿ ಕೇಳಿ. ಅವರ ಪಾಲಿಸಿಯಲ್ಲಿ ಆ ಸಾಲು ಇತ್ತು.

ಆಮೇಲೆ ಏನಾಯ್ತು? ನಾನು ಅವರಿಗೆ ಆಪರೇಷನ್ ಮಾಡಿಸಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಹೇಳೋಕೆ ನಾನು ಯಾರು? ಒಡವೆ ಒಂದು ತಿಂಗಳು ಬೀರುವಿನಲ್ಲೇ ಇರಲಿ, ಅಷ್ಟರಲ್ಲಿ ಎರಡು ಕೆಲಸ ಮುಗಿಸಿ ಅಂದೆ. ಎರಡನೇ ವೀರ್ಯ ಪರೀಕ್ಷೆ. ಆಪರೇಷನ್ ಪ್ಯಾಕೇಜ್ ಜೊತೆ ಸಂಬಂಧ ಇಲ್ಲದ ಬೇರೆ ಒಬ್ಬ ಯುರಾಲಜಿಸ್ಟ್ ಹತ್ರ ಕೈಯಲ್ಲಿ ಪರೀಕ್ಷೆ. ಬಿಡದಿಯಿಂದ ರೈಲು ಹತ್ತಿದ್ರೆ ಬೆಂಗಳೂರು ಸಿಟಿ ಸ್ಟೇಷನ್, ಅಲ್ಲಿಂದ ವಿಕ್ಟೋರಿಯಾ ಆಸ್ಪತ್ರೆ ಆವರಣ ದೂರ ಇಲ್ಲ. ಸರ್ಕಾರದ ನೆಫ್ರೊ ಯುರಾಲಜಿ ಸಂಸ್ಥೆ ಇರೋದು ಅಲ್ಲೇ. ಇಎಸ್‌ಐ ಇದ್ದವರು ಅಲ್ಲಿ ಕೇಳಬಹುದು.

ಎರಡನೇ ರಿಪೋರ್ಟಲ್ಲೂ ಕಡಿಮೆಯೇ ಬಂತು. ಈ ಸಲದ ಡಾಕ್ಟರ್ ನಿಲ್ಲಿಸಿ, ಕೆಮ್ಮಿಸಿ ನೋಡಿದ್ರು. ಎಡಗಡೆ ವೇರಿಕೋಸಿಲ್ ಕೈಗೆ ಸಿಕ್ತು. ಅಂದ್ರೆ ಮೊದಲು ಹೇಳಿದವರ ಮಾತು ಪೂರ್ತಿ ಸುಳ್ಳಲ್ಲ, ಆಪರೇಷನ್ ಬೇಕಾಗಿತ್ತು. ಆದ್ರೆ ಮೈಕ್ರೋಸ್ಕೋಪಲ್ಲೇ ಆಗುತ್ತೆ ಅಂದ್ರು, ಆಯ್ತು. ಮಾರನೇ ದಿನ ಮನೆಗೆ ಬಂದ್ರು. ಒಡವೆ ಅಡ ಇಡಲಿಲ್ಲ, ಚೀಟಿ ದುಡ್ಡಲ್ಲಿ ಮುಗೀತು. ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಬೇಕಲ್ಲ, ಅದಕ್ಕೆ ಮೂರು ತಿಂಗಳಾದ ಮೇಲೆ ಮತ್ತೆ ಟೆಸ್ಟ್. ಆ ರಿಪೋರ್ಟ್ ಇನ್ನೂ ಬಂದಿಲ್ಲ. ಇಂಥ ಆಪರೇಷನ್ ಆದವರಲ್ಲಿ ಹೆಚ್ಚಿನವರ ರಿಪೋರ್ಟ್ ಸುಧಾರಿಸುತ್ತೆ, ಎಲ್ಲರದ್ದೂ ಅಲ್ಲ. ಸುಧಾರಿಸಿದವರಿಗೆಲ್ಲ ಮಗು ಆಗುತ್ತೆ ಅಂತಲೂ ಇಲ್ಲ. ಅದು ಅವರಿಬ್ಬರಿಗೂ ಗೊತ್ತು.

ಆದ್ರೆ ಒಂದು ಬದಲಾಗಿದೆ. ಅವರೇ ಹೇಳಿದ್ದು. ಆಪರೇಷನ್ ಆಗಿ ಬಂದ ವಾರ ಊರಿಂದ ಬಂದ ನೆಂಟರೊಬ್ಬರು ಅವರ ಹೆಂಡತಿಯ ಮುಂದೆ ಎಂದಿನ ಪ್ರಶ್ನೆ ಎತ್ತಿದ್ರಂತೆ. "ಏನಮ್ಮ, ಇನ್ನೂ ಏನೂ ವಿಶೇಷ ಇಲ್ವಾ?" ನಾಲ್ಕು ವರ್ಷ ಆ ಪ್ರಶ್ನೆಗೆ ಅವರ ಹೆಂಡತಿ ತಲೆ ತಗ್ಗಿಸಿ ಅಡುಗೆಮನೆಗೆ ಹೋಗ್ತಿದ್ರು. ಈ ಸಲ ಇವರೇ ಕೂತಲ್ಲಿಂದ ಹೇಳಿದ್ರಂತೆ, "ಅತ್ತೆ, ತೊಂದರೆ ನಂದು. ಆಪರೇಷನ್ ಆಗಿದೆ. ಅವಳನ್ನ ಕೇಳಬೇಡಿ." ನೆಂಟರು ಕಾಫಿ ಕುಡಿದು ಬೇರೆ ಮಾತಿಗೆ ಹೋದ್ರಂತೆ. ಅಷ್ಟೇ. ಆಕಾಶ ಏನೂ ಕಳಚಿ ಬೀಳಲಿಲ್ಲ.

ಮುಗಿಸೋ ಮುಂಚೆ, ಯಾರಾದ್ರೂ ನಿಮಗೆ ಇಂಥ ಆಪರೇಷನ್ ಹೇಳಿದ್ರೆ ಕೇಳಬೇಕಾದ ಪ್ರಶ್ನೆಗಳನ್ನ ಒಂದು ಚೀಟಿಯಲ್ಲಿ ಬರ್ಕೊಳ್ಳಿ. ಎರಡು ವೀರ್ಯ ಪರೀಕ್ಷೆ ಆಗಿದ್ಯಾ? ಕೈಯಲ್ಲಿ ಮುಟ್ಟಿ ನೋಡಿ ಹೇಳ್ತಿದ್ದೀರಾ, ಸ್ಕ್ಯಾನ್ ನೋಡಿನಾ? ಸೊನ್ನೆ ಬಂದಿದ್ರೆ ಹಾರ್ಮೋನ್, ವೈ ಕ್ರೋಮೋಸೋಮ್ ಟೆಸ್ಟ್ ಆಯ್ತಾ? ಮೈಕ್ರೋಸ್ಕೋಪಲ್ಲಿ ಯಾಕಾಗಲ್ಲ, ರೋಬೋಟಿಂದ ನನಗೆ ಹೆಚ್ಚಿಗೆ ಏನು ಸಿಗುತ್ತೆ? ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಾ? ಐವಿಎಫ್ ಸೆಂಟರ್ ಆದ್ರೆ 2021ರ ಎಆರ್‌ಟಿ ಕಾಯ್ದೆಯಡಿ ನೋಂದಣಿ ಇದ್ಯಾ? ಒಳ್ಳೆ ಡಾಕ್ಟರ್ ಈ ಪ್ರಶ್ನೆಗಳಿಗೆ ಬೇಜಾರ್ ಮಾಡ್ಕೊಳ್ಳಲ್ಲ.

ಮತ್ತೆ ದೊಡ್ಡಮಳೂರಿಗೆ ಹೋಗಬೇಡಿ ಅಂತ ನಾನು ಹೇಳಲ್ಲ. ಹೋಗಿ. ತೊಟ್ಟಿಲು ಹರಕೆ ಕಟ್ಟಿಕೊಳ್ಳಿ. ಆ ದೇವಸ್ಥಾನಕ್ಕೆ ಇಬ್ಬರೂ ಜೊತೆಯಲ್ಲೇ ಹೋಗ್ತೀರಲ್ಲ, ಹಾಗೇ ಲ್ಯಾಬಿಗೂ ಇಬ್ಬರೂ ಜೊತೆಯಲ್ಲೇ ಹೋಗಿ. ಮದುವೆಯಾಗಿ ವರ್ಷ ದಾಟಿದ ಅಣ್ಣನೋ ತಮ್ಮನೋ ಭಾವನೋ ನಿಮ್ಮ ಮನೆಯಲ್ಲಿದ್ರೆ ಈ ಎಪಿಸೋಡ್ ಕಳಿಸಿ. ಅತ್ತಿಗೆಗೆ ಮಾತ್ರ ಕಳಿಸಬೇಡಿ, ಅವರು ಈಗಾಗಲೇ ಸಾಕಷ್ಟು ಕೇಳಿಸಿಕೊಂಡಿದ್ದಾರೆ.

ಬಿಡದಿಯ ರಿಪೋರ್ಟ್ ಬಂದಾಗ, ಅವರು ಹೇಳು ಅಂದ್ರೆ, ನಿಮಗೂ ಹೇಳ್ತೀನಿ. ಮುಂದಿನ ವಾರ ಸಿಗೋಣ. ನಮಸ್ಕಾರ.